ಕೋಳಿಕಾಲಿನ ಗುಡಿಸಲಿನ ಕೆಂಡ

“ಕೇಳ್ರಪ್ಪೋ ಕೇಳ್ರಿ! ಹಿಮದ ನಾಡಿನ ದೊರೆ ಸಾರಿಸಿದ ಡಂಗುರ ಇದು! ನಾಡಿನ ಒಲೆಗಳೆಲ್ಲ ಆರಿಹೋಗ್ಯಾವೆ. ಕಾಡಿನ ಮುದುಕಿ ಹತ್ರ ಮಾತ್ರ ಬೆಂಕಿ ಉಳಿದೈತೆ. ಅವಳ ಮೂರು ಒಗಟು ಬಿಡಿಸಿದವನಿಗೆ ಆ ಬೆಂಕಿ, ಮೇಲೆ ಅರ್ಧ ರಾಜ್ಯ. ತಪ್ಪಿದವನ ತಲೆ ಅವಳ ಬೇಲಿಗೂಟಕ್ಕೆ!”

ಜಡೆಪ್ಪ ತೊಡೆ ತಟ್ಟಿಕೊಂಡ. “ಈ ಡಂಗುರ ಕಿವಿಯಾರೆ ಕೇಳಿ, ಆ ಮುದುಕೀನ ಸೋಲಿಸಿ ಬಂದವನು ಇಡೀ ಹೊಸಪೇಟೆಗೆ ನಾನೊಬ್ಬನೇ.”

ಅಲ್ಲ ಅನ್ನಬಲ್ಲವಳು ಹೆಂಡತಿ ಹುಲಿಗೆಮ್ಮ ಟೀಚರು ಒಬ್ಬಳೇ. ಅವಳನ್ನು ಮಣ್ಣು ಮಾಡಿ ಬಂದು ವಾರವೂ ಆಗಿರಲಿಲ್ಲ. ಮಾತಾಡಿಸಲು ಬಂದವರು ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕೂತಿದ್ದರು. ಅಳಬೇಕಾದವನು ಕತೆ ಹೇಳಲು ನಿಂತಿದ್ದ.

ಹುಲಿಗೆಮ್ಮ ಹಾಸಿಗೆ ಹಿಡಿದಾಗ ಅವಳ ಹಳೆಯ ವಿದ್ಯಾರ್ಥಿಯೊಬ್ಬ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮಿನ ಪೆಟ್ಟಿಗೆ ತಂದುಕೊಟ್ಟಿದ್ದ. ರಷ್ಯಾ ಕಡೆಯ ಅಜ್ಜಿಕತೆಗಳ ಹಿಮದ ನಾಡೆಲ್ಲ ಅದರೊಳಗಿತ್ತು. ಅವಳ ಬೆರಳು ಸೆಟೆದುಹೋಗಿದ್ದವು, ಇವನಿಗೆ ಅಕ್ಷರ ಬರದು. ಹಾಗಾಗಿ ಪರದೆಯ ಮೇಲೆ ಬಂದದ್ದನ್ನು ಅವಳು ಓದಿ ಹೇಳುವುದು, ಜಟಕಾದ ಲಗಾಮು ಹಿಡಿದು ಪಳಗಿದ ಕೈಯಲ್ಲಿ ಇವನು ಗುಂಡಿ ಒತ್ತುವುದು. ಆಟದ ಹುಡುಗನ ಹೆಸರು ತಿಮೋಶ. ಅವಳು ಅವನನ್ನು ತಿಮ್ಮ ಅನ್ನುತ್ತಿದ್ದಳು.

ಹುಲಿಗೆಮ್ಮನ ತಂಗಿ ಗಾಳೆಮ್ಮ ಬಾಗಿಲಿಗೆ ಬಂದಳು. “ಭಾವಾ, ಅಕ್ಕನ ಕೋಣೆ ತೊಳೀಬೇಕು. ಆ ಟಿವಿ ಅವತ್ತಿನಿಂದ ಉರೀತಾ ಐತೆ. ಆರಿಸ್ಲಾ?”

“ಮುಟ್ಟಬ್ಯಾಡ. ಕತೆ ಮುಗೀಲಿ.”

ಅವಳು ಹೊಸ್ತಿಲ ಮೇಲೇ ಕೂತಳು.

“ತಿಮ್ಮ ಕುರಿ ಕಾಯೋ ಬಡಪಾಯಿ,” ಜಡೆಪ್ಪ ಮುಂದುವರಿಸಿದ. “ಮನೇಲಿ ತಾಯಿ ಚಳಿಗೆ ಮರಗಟ್ಟಿ ಮಲಗ್ಯಾಳೆ. ಬೆಂಕಿ ತರದಿದ್ರೆ ಉಳಿಯಾಕಿಲ್ಲ. ಹೋಗಿ ನೋಡಿದ್ರೆ ಮುದುಕಿ ಗುಡಿಸಲಿಗೆ ಕೋಳಿಕಾಲು! ಅಂಗಳ ಕೆದರಿಕೊಂಡು ಗಿರಗಿರ ತಿರುಗ್ತೈತೆ. ನಾನು ಒಂದು ಸಲ ಗದರಿದೆ ನೋಡ್ರಿ, ಹೇಂಟೆ ಕೂತಂಗೆ ಕೂತ್ಕಂತು.”

“ನಿನ್ನ ಕುದುರೇನೇ ನಿನ್ನ ಮಾತು ಕೇಳ್ತಿರಲಿಲ್ವಲ್ಲೋ,” ಅಂದ ಮೌಲಾಸಾಬ, ಜಟಕಾ ಸ್ಟ್ಯಾಂಡಿನ ಹಳೆಯ ಗೆಳೆಯ.

“ಸುಮ್ನಿರೋ. ಮುಂದೆ ಒಬ್ಬ ರಾಜಕುಮಾರ ನಿಂತಿದ್ದ, ಬೆಳ್ಳಿ ಜೋಡು ಹಾಕ್ಕೊಂಡು. ಮುದುಕಿ ಅವನನ್ನ ಕೇಳಿದಳು: ‘ಗರಗಸ ಇಲ್ಲ, ಮೊಳೆ ಇಲ್ಲ, ಸದ್ದಿಲ್ಲದೆ ಬಂದು ಹೊಳೆಗೆ ಸೇತುವೆ ಹಾಕ್ತಾನೆ. ಬಿಸಿಲೇರಿದರೆ ಸೇತುವೆ ಸಮೇತ ಓಡಿಹೋಗ್ತಾನೆ. ಯಾರವನು?’”

“ಕಂಟ್ರಾಕ್ಟರು!” ಅಂದ ಮೌಲಾಸಾಬ. ಕಟ್ಟೆಯ ಮೇಲೆ ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡರು.

“ರಾಜಕುಮಾರ ಕಳ್ಳ ಬಡಗಿ ಅಂದ. ತಲೆ ಗೂಟಕ್ಕೆ ಹೋಯ್ತು. ನಾನು ತಟ್ಟನೆ ಅಂದೆ: ಚಳಿ! ಹೊಳೆ ಹೆಪ್ಪುಗಟ್ಟಿಸೋ ಚಳಿ!”

ಹಾಗೆ ಅಂದವಳು ಹುಲಿಗೆಮ್ಮ. ಹೊಳೆ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ ಅಂದರೆ ಇವನು ನಂಬಿಯೇ ಇರಲಿಲ್ಲ.

“ಎರಡನೇದು ಒಬ್ಬ ಸಾಹುಕಾರನ ಪಾಲಿಗೆ ಬಂತು. ‘ಮನೇಲಿ ಎಲ್ಲರಿಗಿಂತ ಹಿರಿಯ. ಬಾಗಿಲು ದಾಟೋದಿಲ್ಲ, ಯಾರ ಕಣ್ಣಿಗೂ ಬಿದ್ದಿಲ್ಲ. ಆದರೂ ಬೆಳಗಾದರೆ ಅವನ ಹಾಲಿನ ಬಟ್ಟಲು ಖಾಲಿ. ಯಾರು?’ ಸಾಹುಕಾರ ಬೆಕ್ಕು ಅಂದ. ‘ಬೆಕ್ಕು ಕಣ್ಣಿಗೆ ಬಿದ್ದಿಲ್ವೇನೋ ಕುರುಡಾ?’ ಅಂತ ಮುದುಕಿ ಅವನ ತಲೇನೂ ಸಿಕ್ಕಿಸಿದಳು. ಅದು ಒಲೆಯ ಹಿಂದಿರೋ ಮನೆಯಜ್ಜ. ಆ ನಾಡಲ್ಲಿ ಮನೆ ಕಾಯೋನು ಅವನೇ.”

ಆ ಒಗಟು ಗೆದ್ದ ಮೇಲೆ ಹುಲಿಗೆಮ್ಮ ತಮ್ಮ ಮನೆಯ ಗ್ಯಾಸ್ ಒಲೆಯ ಹಿಂದೆಯೂ ಒಂದು ಬಟ್ಟಲು ಹಾಲು ಇಡಿಸಿದ್ದಳು. ಅವಳಿಗೆ ಜೊಂಪು ಹತ್ತಿದಾಗ ಜಡೆಪ್ಪನೇ ಅದನ್ನು ಕುಡಿದು, “ಅಜ್ಜ ಬಂದಿದ್ದ ನೋಡು,” ಅನ್ನುತ್ತಿದ್ದ. ಬಟ್ಟಲು ನೋಡಿ ಅವಳು ಮಗುವಿನ ಹಾಗೆ ನಗುತ್ತಿದ್ದಳು. ಈಗ ಆ ಬಟ್ಟಲಲ್ಲಿ ಹಾಲು ಒಡೆದು ನಿಂತಿತ್ತು.

“ಮೂರನೇದು?” ಮೌಲಾಸಾಬ ಮೆಲ್ಲಗೆ ಕೇಳಿದ.

ಜಡೆಪ್ಪ ಟಿವಿ ಇದ್ದ ಕೋಣೆಯ ಕಡೆ ತಿರುಗಿದ. “ತಿಮ್ಮನ ಸರದಿ. ಮುದುಕಿ ಅಂದಳು: ‘ಮನೆ ಬಿಡುವಾಗ ಎಲ್ಲಕ್ಕಿಂತ ಕಡೆಗೆ ಹೊರಡುತ್ತೆ. ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಹೋಗುತ್ತೆ. ಅದು ಹೋಯಿತೋ, ಬಿಟ್ಟ ಮನೆ ತಣ್ಣಗಾಯಿತು. ಏನದು?’”

ಹುಲಿಗೆಮ್ಮ ಅದನ್ನು ತಡೆದು ತಡೆದು ಓದಿದ್ದಳು. “ಒಲೆಯ ಕೆಂಡ. ಮನೆ ಬದಲಿಸುವಾಗ ಗಡಿಗೆಯಲ್ಲಿ ಕೆಂಡ ತುಂಬಿಕೊಂಡು, ಅಜ್ಜಾ ನೀನೂ ಬಾ ಅಂತ ಕರೀತಾರೆ. ಮೂರರಲ್ಲಿ ನಡುವಿನ ಉತ್ತರ, ಒತ್ತಿ,” ಅಂದಿದ್ದಳು. ಒತ್ತಿದರೆ ಮುದುಕಿ ಕೆಂಡ ಕೊಟ್ಟುಬಿಡುತ್ತಾಳೆ, ಗುಡಿಸಲಿನ ಒಲೆ ಆರುತ್ತದೆ, ಆಟ ಮುಗಿಯುತ್ತದೆ. ಊರೆಲ್ಲ ಬಿಸಿಲಿಗೆ ಬೇಯುತ್ತಿದ್ದರೂ ಹುಲಿಗೆಮ್ಮನ ಕೈ ಮಾತ್ರ ತಣ್ಣಗಿತ್ತು. ಪರದೆಯಲ್ಲಿ ಉರಿಯುತ್ತಿದ್ದ ಆ ಒಲೆಯ ಕಡೆ ಅವಳು ಅಂಗೈ ಚಾಚಿಕೊಂಡಿದ್ದಳು. “ನಾಳೆ ಒತ್ತೋಣ ತಗೋ,” ಅಂದಿದ್ದ ಜಡೆಪ್ಪ.

ನಾಳೆಗೆ ಅವಳು ಇರಲಿಲ್ಲ.

“ಕೆಂಡ ಅಂದೆ ನಾನು!” ಅವನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. “ಮುದುಕಿ ತಲೆಬಾಗಿಸಿ, ಸಲಿಕೆ ತುಂಬ ಕೆಂಡ ಮೊಗೆದು ಗಡಿಗೆಗೆ ಹಾಕಿದಳು. ತಿಮ್ಮ ಓಡಿಬಂದು ಒಲೆ ಹೊತ್ತಿಸಿದ. ತಾಯಿ ಕೈ ಕಾಯಿಸಿಕೊಂಡಳು, ಎದ್ದು ಕೂತಳು, ಗಂಜಿ ಕೊಡಪ್ಪಾ ಅಂದಳು. ಎದ್ದು ಕೂತಳು, ಗೊತ್ತಾಯ್ತಾ? ರಾಜ ಅರ್ಧ ರಾಜ್ಯ ಕೊಡಾಕೆ ಬಂದ. ಇಟ್ಕೋ ಹೋಗು ಅಂದೆ.”

ಗಾಳೆಮ್ಮ ಎದ್ದಳು. “ಕತೆ ಮುಗೀತಲ್ಲ, ಆರಿಸ್ತೀನಿ,” ಅಂತ ಒಳಗೆ ಹೋದಳು. ಬರುವುದು ತಡವಾಯಿತು. ಬಂದಾಗ ಸೆರಗು ಬಾಯಿಗಿತ್ತು.

“ಎಂಥಾ ಸುಳ್ಳುಗಾರ ಭಾವಾ ನೀನು. ಆ ಮುದುಕಿ ಇನ್ನೂ ಸಲಿಕೆ ಹಿಡಕೊಂಡು ನಿಂತೇ ಅವಳೆ. ತಿಮ್ಮ ಖಾಲಿ ಗಡಿಗೆ ಹಿಡಕೊಂಡು ಎದುರಿಗವನೆ. ಮೂರನೇದಕ್ಕೆ ನೀನು ಉತ್ತರಾನೇ ಒತ್ತಿಲ್ಲ.”

ಎಲ್ಲರೂ ಜಡೆಪ್ಪನ ಕಡೆ ನೋಡಿದರು. ಅವನು ಹೆಗಲು ಹಾರಿಸಿದ.

“ನಿಂತಿರ್ಲಿ ಬಿಡು. ಒಲೆ ಉರೀತೈತಲ್ಲ?”