ಬೂಟು ಬಿಚ್ಚಿದ ದಿಬ್ಬ

ಕೋಲಾರ ಸೀಮೆಯಲ್ಲಿ ಮುಚ್ಚಿಹೋದ ಚಿನ್ನದ ಗಣಿಯೊಂದರ ಹಿಂದೆ ಒಂದು ಬಯಲಿದೆ. ಅದರ ಪಡುವಣ ಮೂಲೆಯಲ್ಲಿ ಸಣ್ಣ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಬೇವಿನ ಮರ, ಮರದಡಿ ಕುಂಕುಮ ಮೆತ್ತಿದ ಮುನೇಶ್ವರನ ಕಲ್ಲು. ಬೂಟು ಬಿಚ್ಚಿದ ದಿಬ್ಬವೆಂದರೆ ಇದೇ. ಊರಿಗೆ ಬರುವ ನೆಂಟರಿಗೆ ಇಲ್ಲಿನ ಕೆಲವರು, ಯಾರೋ ಬಿಳಿಯ ವೀರನೊಬ್ಬ ದೇವರಿಗೆ ಭಕ್ತಿಯಿಂದ ಬೂಟು ಬಿಚ್ಚಿ ಅರ್ಪಿಸಿದನೆಂದು ಹೇಳುವುದುಂಟು. ದೊರೆಗಳು ಹೋಗಿ ಇಷ್ಟು ಕಾಲವಾದರೂ ಅವರಿಗೆ ದೊಡ್ಡತನ ಅಂಟಿಸುವ ಚಪಲ ನಮ್ಮವರಿಗೆ ಹೋಗಿಲ್ಲ. ಅವನು ವೀರನೂ ಅಲ್ಲ, ಅವನಲ್ಲಿ ಭಕ್ತಿಯೂ ಇರಲಿಲ್ಲ.

ಹಿಂದೆ ಒಮ್ಮೆ, ಗಣಿ ಬಿಳಿಯರ ಕೈಯಲ್ಲಿದ್ದಾಗ, ಪಕ್ಕದ ಗಣಿಯವರ ಮುಂದೆ ಫುಟ್‌ಬಾಲ್‌ನಲ್ಲಿ ಸೋತು ಸೋತು ಮುಖ ಸಣ್ಣದು ಮಾಡಿಕೊಂಡಿದ್ದ ಮ್ಯಾನೇಜರ್ ಸ್ಕಾಟ್ಲೆಂಡಿನಿಂದ ಒಬ್ಬ ಆಟಗಾರನನ್ನು ತರಿಸಿದ. ಹೆಸರು ಆರ್ಚಿ ಕಿಲ್‌ಬ್ರೈಡ್. ಕಲ್ಲಿದ್ದಲು ಗಣಿಯ ಕೂಲಿಯ ಮಗ. ಒದೆಯುವ ಕಾಲು ಚೆನ್ನಾಗಿದ್ದುದರಿಂದ ಮೀಸೆ ಮೂಡುವ ವಯಸ್ಸಿಗೇ ಸುರಂಗ ಬಿಟ್ಟು, ಸಂಬಳಕ್ಕೆ ಚೆಂಡು ಒದೆಯುತ್ತ ದೊಡ್ಡ ದೊಡ್ಡ ಕ್ಲಬ್ಬುಗಳಲ್ಲಿ ಮೆರೆದವನು. ಆಮೇಲೆ ಬಲಪಾದದ ಗಂಟು ಮುರಿಯಿತು, ಕ್ಲಬ್ಬುಗಳು ಒಂದೊಂದಾಗಿ ಕೈಬಿಟ್ಟವು. ಅದನ್ನು ಮುಚ್ಚಿಟ್ಟು, ಬೂಟಿನೊಳಗೆ ಚರ್ಮದ ಪಟ್ಟಿ ಬಿಗಿದುಕೊಂಡು ಹಡಗು ಹತ್ತಿದ. ಇಲ್ಲಿ ಮೇಸ್ತ್ರಿಗಳ ಮೇಲೊಬ್ಬ ಸಾಹೇಬನೆಂದು ಹುದ್ದೆ, ಬಂಗಲೆ, ಬಟ್ಲರ್. ಸುರಂಗದ ಕೂಳುಂಡು ಬೆಳೆದವನಿಗೆ ಸುರಂಗದವರನ್ನು ಕಂಡರೆ ವಾಕರಿಕೆ. ಬರಿಗಾಲಿನವರ ಜೊತೆ ಆಡಿದರೆ ತನ್ನ ಬೂಟಿಗೇ ಅವಮಾನ ಎನ್ನುತ್ತಿದ್ದನಂತೆ.

ಆ ಬಯಲು ಕೂಲಿಗಳು ಆಡುವ ಜಾಗವಾಗಿತ್ತು. ಅಲ್ಲಿ ಸಾಹೇಬರಿಗೆ ಟೆನಿಸ್ ಅಂಗಳ ಮಾಡಲು ಮ್ಯಾನೇಜರ್ ಹೊರಟಾಗ, ಬಂಡೆ ಕೊರೆಯುವ ಚೆಂಗಲರಾಯಪ್ಪ ಅಡ್ಡ ನಿಂತು, ನಮ್ಮನ್ನು ಆಟದಲ್ಲಿ ಗೆದ್ದು ತೆಗೆದುಕೊಳ್ಳಿ ಎಂದ. ಕಿಲ್‌ಬ್ರೈಡ್ ಇದ್ದಾನಲ್ಲ ಎಂಬ ಕೊಬ್ಬಿನಲ್ಲಿ ಮ್ಯಾನೇಜರ್ ಪಕ್ಕದ ಗಣಿಯ ಸಾಹೇಬರೆದುರಿಗೇ ಮಾತು ಕೊಟ್ಟ. ಕೂಲಿಗಳದು ಒಂದೇ ಕಟ್ಟಳೆ. ಗಣಿಗೆ ಇಳಿಯುವ ಮುನ್ನ ಅವರು ಕೈಮುಗಿಯುತ್ತಿದ್ದುದು ಆ ಮುನೇಶ್ವರನಿಗೆ. ಆದ್ದರಿಂದ ಆ ಮೂಲೆಯಿಂದ ಚೆಂಡು ಒದೆಯುವವನು ಬರಿಗಾಲಲ್ಲಿ ಒದೆಯಬೇಕು. ಸಾಹೇಬರು ನಕ್ಕು ಒಪ್ಪಿದರು.

ಆಟ ಸಮಸಮವಾಗಿ ಸಾಗಿ, ಮುಗಿಯುವ ಹೊತ್ತಿಗೆ ಕಂಪನಿಯವರಿಗೆ ಅದೇ ಮೂಲೆಯಿಂದ ಕಾರ್ನರ್ ಒದೆಯುವ ಅವಕಾಶ ಸಿಕ್ಕಿತು. ಎಂದಿನಂತೆ ಕಿಲ್‌ಬ್ರೈಡ್ ಬಂದ. ದಿಬ್ಬದ ಬಳಿ ನಿಂತವನು ಬೂಟು ಮುಟ್ಟಲಿಲ್ಲ, ಬೇರೆಯವರನ್ನು ಕಳಿಸಿ ಎಂದು ಕೈಬೀಸಿದ. ಅವನ ಕಾಲಿನ ಗುಟ್ಟು ಅರಿಯದ ಮ್ಯಾನೇಜರ್ ಕುರ್ಚಿಯಿಂದಲೇ ಬಿಚ್ಚು ಎಂದು ಗದರಿದ.

“ಬಿಚ್ಚಿ ದೊರೆ,” ಎಂದ ಚೆಂಗಲರಾಯಪ್ಪ. “ಇಲ್ಲಿ ನಾವೆಲ್ಲ ಹಿಂಗೇ ನಿಲ್ಲೋದು.”

ಕಿಲ್‌ಬ್ರೈಡ್ ದಿಬ್ಬದ ಮೇಲೆ ಕೂತು ಬಿಚ್ಚಿದ. ಸೊಟ್ಟಗಾಗಿ ನೀಲಿಗಟ್ಟಿದ ಪಾದವನ್ನು ಸಾಹೇಬರೆಲ್ಲ ಕಂಡರು. ಒದ್ದ ಚೆಂಡು ಹತ್ತು ಮಾರೂ ಹೋಗದೆ ಚೆಂಗಲರಾಯಪ್ಪನ ಕಾಲಿಗೆ ಸಿಕ್ಕಿತು. ಅವನು ಅದನ್ನು ಆಚೆ ತುದಿಯ ಗೋಲಿಗೆ ಮುಟ್ಟಿಸಿಯೇ ನಿಂತ. ಬಯಲು ಉಳಿಯಿತು. ಅಲ್ಲಿಯವರೆಗೆ ಕಿಲ್‌ಬ್ರೈಡನ ಹೆಗಲ ಮೇಲೆ ಕೈಹಾಕಿ ಕುಡಿಯುತ್ತಿದ್ದ ಮ್ಯಾನೇಜರ್ ಅದೇ ವಾರ ಅವನನ್ನು ಊರು ಬಿಡಿಸಿದ, ಕಳಿಸಿಕೊಡಲು ರೈಲು ನಿಲ್ದಾಣದವರೆಗೂ ಬರಲಿಲ್ಲ. ಅಂಥವನಿಗೆ ಇಂಥವನೇ ಯಜಮಾನ. ಬೂಟು ದಿಬ್ಬದ ಮೇಲೆಯೇ ಬಿದ್ದು ಗೆದ್ದಲು ಹಿಡಿಯಿತು ಎನ್ನುತ್ತಾರೆ. ಪಾಪ ಎನ್ನುವವರು ಎನ್ನಲಿ, ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ. ತನ್ನಪ್ಪನ ಕಸುಬಿನವರನ್ನೇ ಹೀಗಳೆದವನು ಅವನು.

ಇಂದಿಗೂ ಸಂಜೆ ಆ ಬಯಲಿನಲ್ಲಿ ಆಟ ನಡೆಯುತ್ತದೆ. ಮುನೇಶ್ವರನ ಮೂಲೆಯಿಂದ ಒದೆಯುವ ಸರದಿ ಬಂದವರು, ಎಷ್ಟೇ ಬೆಲೆಯ ಬೂಟಾದರೂ ಬಿಚ್ಚಿ ದಿಬ್ಬದ ಮೇಲಿಡುತ್ತಾರೆ. ನೋಡಲು ಬಂದವರು ಅದರ ಫೋಟೊ ತೆಗೆದುಕೊಂಡು ಆ ದೊರೆಯ ಹೆಸರೇನೆಂದು ಕೇಳುತ್ತಾರೆ. ಆಡುವವರಿಗೆ ಅದು ಗೊತ್ತಿಲ್ಲ. ಚೆಂಗಲರಾಯಪ್ಪನ ಹೆಸರು ಗೊತ್ತು.