ಮಗುಚಿದ ಮೀನು

ಈ ಕಥೆಯ ಶಿಷ್ಯನ ಮೇಲೆ ನನಗೆ ಸಿಟ್ಟಿದೆ. ಅವನನ್ನು ಕೆಣಕಿದವರ ಮೇಲೂ ಇದೆ. ಮೊದಲೇ ಹೇಳಿಬಿಡುವುದು ವಾಸಿ. ನಡುವೆ ನನ್ನ ದನಿ ಏರಿದರೆ ಓದುವವರು ಗಾಬರಿಯಾಗಬಾರದು.

ಚೀನಾ ದೇಶದ ದಕ್ಷಿಣ ಕರಾವಳಿಯಲ್ಲಿ, ನದಿಯೊಂದು ಕಡಲು ಸೇರುವ ಕಡೆ, ಝುವೋ ಎಂಬ ವೃದ್ಧ ಗುರುಗಳು ಅಡುಗೆ ಕಲಿಸುತ್ತಿದ್ದರು. ಒಂದು ಒಲೆಮನೆ, ಅದರ ಮುಂದೆ ದಡದ ಜನ ಬಂದು ಉಣ್ಣುವ ಉದ್ದನೆಯ ಮೇಜುಗಳು, ಅದರಾಚೆ ನೀರು. ಆಶ್ರಮವೆಂದರೆ ಅಷ್ಟೇ.

ಅಲ್ಲಿಗೆ ಯಾನ್ ಎಂಬ ಯುವಕ ಬಂದ. ಉತ್ತರದ ಶಾನ್‌ಶಿ ಪ್ರಾಂತದವನು. ಅದು ಬೆಟ್ಟದ ಸೀಮೆ. ಅಲ್ಲಿ ಗೋಧಿ ಬೆಳೆಯುತ್ತದೆ, ಜೋಳ ಬೆಳೆಯುತ್ತದೆ. ಜೋಳವನ್ನು ಹುದುಗಿಸಿ ಕಪ್ಪು ವಿನೆಗರ್ ಮಾಡಿ, ಅದಿಲ್ಲದೆ ತುತ್ತು ಎತ್ತದ ಜನ. ಮೀನೊಂದು ಮಾತ್ರ ಅವರಿಗೆ ಸಿಗದು.

ಏನು ಕಲಿಯಲು ಬಂದೆ ಎಂದು ಗುರುಗಳು ಕೇಳಿದಾಗ ಅವನು, ನಮ್ಮೂರಲ್ಲಿ ಇಲ್ಲದ್ದನ್ನು, ಎಂದ.

ಕಲಿತ. ಚೆನ್ನಾಗಿಯೇ ಕಲಿತ. ಮೀನಿನ ಕಣ್ಣು ನೋಡಿ ಅದು ಬಲೆಗೆ ಬಿದ್ದು ಎಷ್ಟು ಹೊತ್ತಾಯಿತೆಂದು ಹೇಳಬಲ್ಲವನಾದ. ಹಬೆಯ ಸದ್ದು ಕೇಳಿ ಮುಚ್ಚಳ ತೆಗೆಯಬಲ್ಲವನಾದ. ಚಳಿಗಾಲ ಬರುವಷ್ಟರಲ್ಲಿ ಗುರುಗಳು ಮೀನಿನ ಒಲೆಯನ್ನು ಅವನ ಕೈಗೆ ಕೊಟ್ಟರು. ಆ ಒಲೆ ಯಾರ ಕೈಯಲ್ಲಿದೆಯೋ ಮುಂದೆ ಆ ಒಲೆಮನೆ ಅವರದು ಎಂದು ಎಲ್ಲರಿಗೂ ಗೊತ್ತಿತ್ತು.

ಅವನಿಗೆ ಬರದೇ ಇದ್ದದ್ದು ಒಂದೇ. ಯಾರಾದರೂ ನಕ್ಕರೆ ಅದನ್ನು ನುಂಗಿಕೊಳ್ಳುವುದು.

ಆ ದಡದಲ್ಲಿ ದೋಣಿಯ ಜನ ಇದ್ದರು. ಹುಟ್ಟುವುದು ದೋಣಿಯಲ್ಲಿ, ಮದುವೆ ದೋಣಿಯಲ್ಲಿ. ಅವರಲ್ಲಿ ವೆಂಗ್ ಮನೆತನದ ತಾಯಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಹಾಯ್ಶೆಂಗ್. ಚಿಕ್ಕವನು ಅಣ್ಣನ ನೆರಳು. ಗಂಡನನ್ನು ಕಡಲು ತೆಗೆದುಕೊಂಡಿತ್ತು.

ದೋಣಿಯ ಜನ ಇಡೀ ಮೀನನ್ನು ತಟ್ಟೆಯಲ್ಲಿಟ್ಟುಕೊಂಡು ತಿನ್ನುವ ಕ್ರಮ ಬೇರೆ. ಮೇಲಿನ ಭಾಗ ತಿನ್ನುತ್ತಾರೆ. ಆಮೇಲೆ ನಡುವಿನ ಮುಳ್ಳನ್ನು ತಲೆಯ ಸಮೇತ ಎತ್ತಿ ಪಕ್ಕಕ್ಕಿಟ್ಟು, ಕೆಳಗಿನ ಭಾಗ ತಿನ್ನುತ್ತಾರೆ. ಮೀನನ್ನು ಮಾತ್ರ ಮಗುಚುವುದಿಲ್ಲ. ಮೀನು ಮಗುಚಿದರೆ ದೋಣಿ ಮಗುಚುತ್ತದೆ ಎಂಬ ಭಯ. ಆ ಮನೆಗಳಲ್ಲಿ ಬಟ್ಟಲನ್ನು ಕೂಡ ಬೋರಲು ಹಾಕುವುದಿಲ್ಲ.

ಯಾನ್‌ಗೆ ಇದನ್ನು ಬಂದ ದಿನವೇ ಹೇಳಿಕೊಟ್ಟಿದ್ದರು. ಅವನು ಮರೆತವನಲ್ಲ.

ಒಂದು ಸಂಜೆ ವೆಂಗ್ ಅಣ್ಣತಮ್ಮಂದಿರು ಬಲೆ ಒಣಗಹಾಕಿ ಬಂದು ಮೇಜಿಗೆ ಕೂತರು. ಯಾನ್ ಖುಷಿಯಲ್ಲಿದ್ದ. ತನ್ನೂರಿನ ಅಡುಗೆ ಉಣ್ಣಿಸುತ್ತೇನೆಂದ. ಹಿಟ್ಟಿನ ದೊಡ್ಡ ಮುದ್ದೆಯನ್ನು ಎಡಗೈ ಮೇಲಿಟ್ಟುಕೊಂಡು, ಬಾಗಿದ ಅಲಗಿನಿಂದ ಹೆರೆದು ಹೆರೆದು ಕುದಿಯುವ ನೀರಿಗೆ ಹಾರಿಸಿದ. ಅವನ ಊರಿನ ನೂಡಲ್ಸ್ ಆಗುವುದು ಹಾಗೆ. ಮೇಲೆ ಕಪ್ಪು ವಿನೆಗರ್ ಸುರಿದ.

ಉಣ್ಣುತ್ತಾ ಕೂತವರಿಗೆ ಅವನು ಊರಿನ ಇನ್ನೊಂದು ಸಂಗತಿ ಹೇಳಿದ. ಅವರ ಕಡೆ ಮದುವೆಯ ಊಟಕ್ಕೆ ಮೀನು ಇರಲೇಬೇಕು. ಮೀನಿದ್ದರೆ ಮನೆಯಲ್ಲಿ ಸಮೃದ್ಧಿ. ಆದರೆ ಮೀನೆಲ್ಲಿ? ಹಾಗಾಗಿ ಅವನ ತಾತ ಮರದಲ್ಲಿ ಮೀನು ಕೆತ್ತಿದ್ದ, ಹುರುಪೆ ಹುರುಪೆ ಕಾಣುವಂತೆ. ಅದನ್ನು ತಟ್ಟೆಯಲ್ಲಿಟ್ಟು ಬಿಸಿ ಸಾರು ಸುರಿದು ತರುತ್ತಾರೆ. ಎಲ್ಲರೂ ಊಟದ ಕಡ್ಡಿಯಿಂದ ಮುಟ್ಟಿ ಸಾರು ಚೀಪುತ್ತಾರೆ. ಆಮೇಲೆ ತೊಳೆದು ಒರೆಸಿ, ಮುಂದಿನ ಮದುವೆಗೆ ಎತ್ತಿಡುತ್ತಾರೆ.

ಯಾನ್ ಇದನ್ನು ಪ್ರೀತಿಯಿಂದ ಹೇಳಿದ. ತಾತ ಉಳಿ ಹಿಡಿಯುತ್ತಿದ್ದ ಹಾಗೆ ಕೈ ಮಾಡಿ ತೋರಿಸಿದ.

ಹಾಯ್ಶೆಂಗ್ ಬಾಯಿಂದ ನೂಡಲ್ಸ್ ಉದುರುವಷ್ಟು ನಕ್ಕ. ಮೇಜನ್ನು ಟಕಟಕ ಬಡಿದು, ನನಗೊಂದು ಮರದ ಮೀನು ತನ್ನಿ, ಮುಳ್ಳು ಜಾಸ್ತಿ ಇರಬಾರದು, ಎಂದ. ತಮ್ಮನೂ ನಕ್ಕ. ಪಕ್ಕದ ಮೇಜಿನವರೂ ನಕ್ಕರು.

ಒಬ್ಬನ ಊರಿನ ಬಡತನ ಇನ್ನೊಬ್ಬನಿಗೆ ಊಟದ ಜೊತೆಯ ಉಪ್ಪಿನಕಾಯಿ. ಇದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೀನಿಲ್ಲದ ಸೀಮೆಯವರು ಮೀನಿನ ಆಸೆಯನ್ನು ಮರದಲ್ಲಿ ಕೆತ್ತಿಟ್ಟರು. ಅದರಲ್ಲಿ ನಗುವಂಥದ್ದೇನಿತ್ತು?

ಜನ ಎದ್ದುಹೋದ ಮೇಲೆ ಯಾನ್ ಗುರುಗಳ ಮುಂದೆ ನಿಂತ.

"ನೀವೂ ಇಲ್ಲೇ ಇದ್ರಿ ಗುರುಗಳೇ. ಒಂದು ಮಾತು ಆಡಲಿಲ್ಲ."

"ನಾನು ನಿನ್ನ ನೂಡಲ್ಸ್ ತಿಂತಿದ್ದೆ. ಬಾಯಿ ತುಂಬಿತ್ತು."

ಗುರುಗಳು ಬಟ್ಟಲನ್ನು ಅವನ ಮುಂದೆ ಇಟ್ಟರು. ತಳದಲ್ಲಿ ಒಂದು ಹನಿ ವಿನೆಗರ್ ಕೂಡ ಉಳಿದಿರಲಿಲ್ಲ. ಯಾನ್ ಅದನ್ನು ನೋಡಲಿಲ್ಲ. ಬಟ್ಟಲು ಎತ್ತಿಕೊಂಡು ತೊಳೆಯಲು ಹೋದ.

ಮರುದಿನದಿಂದ ದಡದಲ್ಲಿ ಅವನಿಗೆ ಬೇರೆ ಹೆಸರಾಯಿತು. ಮರದ ಮೀನು ಬಂತು, ಮರದ ಮೀನು ಹೋಯಿತು. ಬಲೆ ನೇಯುವ ಹೆಂಗಸರು ಕೂಡ ಹಾಗೇ ಕರೆದರು. ಅವರಿಗೆ ಅದು ತಮಾಷೆ. ಅವನಿಗೆ ಅದು ತಾತನ ಮುಖಕ್ಕೆ ಉಗಿದಂತೆ.

ಅವನು ಮಾತು ಬಿಟ್ಟ. ಒಲೆಮನೆಯಲ್ಲಿ ಕತ್ತಿಯ ಸದ್ದು ಜೋರಾಯಿತು.

"ಶುಂಠಿ ನಿನಗೇನು ಮಾಡ್ತು?" ಎಂದು ಗುರುಗಳು ಒಂದು ಸಲ ಕೇಳಿದರು. ಅವನು ಇನ್ನೊಂದು ಶುಂಠಿ ಎತ್ತಿಕೊಂಡ.

ದೂರದ ಕಡಲಿಗೆ ಹೋಗುವ ಕಾಲ ಬಂತು. ಹೊರಡುವ ಮುಂಚೆ ಪ್ರತಿ ದೋಣಿಯವರೂ ಗುರುಗಳ ಮೇಜಿನಲ್ಲಿ ಇಡೀ ಮೀನಿನ ಊಟ ಮಾಡುವುದು ಆ ದಡದ ರೂಢಿ. ಉಂಡು ಎದ್ದು, ಹಿಂದೆ ತಿರುಗದೆ ದೋಣಿ ಹತ್ತಬೇಕು.

ವೆಂಗ್ ತಾಯಿ ಮಕ್ಕಳನ್ನು ಕರೆದುಕೊಂಡು ಬಂದಳು. ವಯಸ್ಸಾದ್ದರಿಂದ ಅವಳು ಈಗ ದಡದಲ್ಲೇ ಉಳಿಯುತ್ತಿದ್ದಳು. ಊಟಕ್ಕೆ ಮಾತ್ರ ಜೊತೆಗೆ ಕೂತಳು.

ಯಾನ್ ಅಂದು ಮಾಡಿದ ಮೀನಿನಲ್ಲಿ ಯಾರೂ ತಪ್ಪು ಹುಡುಕಲಾರರು. ಹಳದಿ ಹೊಟ್ಟೆಯ ದೊಡ್ಡ ಮೀನು, ಹದವಾಗಿ ಹಬೆಯಲ್ಲಿ ಬೆಂದಿತ್ತು. ಮೇಲೆ ನೂಲಿನಂತೆ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು, ಚುರ್ ಎನ್ನುವ ಬಿಸಿ ಎಣ್ಣೆ. ತಲೆ ತಾಯಿಯ ಕಡೆ ಬರುವಂತೆ ತಟ್ಟೆ ಇಟ್ಟ. ಅದು ಹಿರಿಯರಿಗೆ ಕೊಡುವ ಮರ್ಯಾದೆ.

ಆಮೇಲೆ ಉದ್ದನೆಯ ಕಡ್ಡಿಗಳನ್ನು ಮೀನಿನ ಕೆಳಗೆ ತೂರಿಸಿ, ಎತ್ತಿ, ಮಗುಚಿ ಹಾಕಿದ.

ಸಾರು ಚಿಮ್ಮಿ ತಾಯಿಯ ತೋಳಿನ ಮೇಲೆ ಬಿತ್ತು.

"ಈ ಕಡೇನೂ ಬೆಂದಿದೆಯಾ ಅಂತ ನೋಡ್ದೆ," ಎಂದ ಯಾನ್.

ಹಾಯ್ಶೆಂಗ್ ಎದ್ದು ಅವನ ಕತ್ತಿನ ಪಟ್ಟಿ ಹಿಡಿದ. ತಮ್ಮ ಕೂತಲ್ಲೇ ಬಿಳಿಚಿಕೊಂಡ. ತಾಯಿ ಮಾತ್ರ ಮೀನನ್ನೇ ನೋಡುತ್ತಿದ್ದಳು.

"ಬಿಡು ಅವನನ್ನ. ನೀರು ಇಳೀತಾ ಇದೆ. ಹೊರಡಿ."

ಕಡಲಿನ ಇಳಿತ ಯಾರಿಗೂ ಕಾಯುವುದಿಲ್ಲ, ದೋಣಿ ಅದರ ಜೊತೆಗೇ ಹೊರಡಬೇಕು. ಆ ಕಾಲದ ಮೊದಲ ಮೀನು ತಪ್ಪಿದರೆ ವರ್ಷವಿಡೀ ಅರೆಹೊಟ್ಟೆ. ಮಕ್ಕಳು ಒಂದು ತುತ್ತೂ ಉಣ್ಣದೆ ದೋಣಿ ಹತ್ತಿದರು. ತಾಯಿ ಹಿಂದೆಯೇ ಹೋಗಿ, ದಡದಲ್ಲಿ ಹಗ್ಗದ ಸಿಂಬಿಯ ಮೇಲೆ ಕೂತಳು.

ಗುರುಗಳು ಒಳಗಿನಿಂದ ಬಂದರು. ತಟ್ಟೆ ನೋಡಿದರು.

"ಕೈ ಜಾರಿತಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. "ಇಲ್ಲ," ಎಂದ ಯಾನ್. ಅಷ್ಟರ ಮಟ್ಟಿಗೆ ಅವನನ್ನು ಮೆಚ್ಚಬೇಕು. ಅದಕ್ಕಿಂತ ಹೆಚ್ಚಲ್ಲ.

ಗುರುಗಳು ಒಂದು ಕೊಡ ನೀರು ತಂದು ಮೀನಿನ ಒಲೆಗೆ ಸುರಿದರು. ಹಬ್ಬಕ್ಕೂ ಹರಿದಿನಕ್ಕೂ ಆರದಂತೆ ಕಾಯ್ದುಕೊಂಡು ಬಂದಿದ್ದ ಕೆಂಡ. ಒಲೆಮನೆ ಹೊಗೆಯಿಂದ ತುಂಬಿತು.

"ದೋಣಿ ಬರೋವರೆಗೂ ಈ ಒಲೆ ಹತ್ತೋದಿಲ್ಲ," ಎಂದರು. ಬರಿದಾದ ಕೊಡವನ್ನು ಕೋಪದಿಂದ ನೆಲಕ್ಕೆ ಕುಕ್ಕಿದರು.

ಯಾನ್‌ಗೂ ಕೋಪ ಬಂತು. ತಾತನನ್ನು ಆಡಿಕೊಂಡು ನಕ್ಕಾಗ ಆರದ ಒಲೆ ಒಂದು ಮೀನಿಗೆ ಆರಿತಲ್ಲ ಎಂದು.

"ಒಂದು ಮಾತು ಕೇಳ್ತೀನಿ ಗುರುಗಳೇ. ತಟ್ಟೆಯಲ್ಲಿ ಸತ್ತ ಮೀನು ಮಗುಚಿದ್ರೆ ಕಡಲಲ್ಲಿ ದೋಣಿ ಮಗುಚುತ್ತಾ?"

"ಇಲ್ಲ."

"ನೀವು ನಂಬೋದಿಲ್ಲ?"

"ನಂಬೋದಿಲ್ಲ."

"ಮತ್ತೆ ನನ್ನ ಮೇಲೆ ಯಾಕೆ ಸಿಟ್ಟು?"

"ದೋಣಿ ಬರಲಿ, ಹೇಳ್ತೀನಿ."

ಯಾನ್ ತಾನು ಗೆದ್ದೆನೆಂದುಕೊಂಡ. ಗುರುಗಳ ಬಾಯಿಂದಲೇ ಬಂದಿತ್ತಲ್ಲ. ಅದು ಬರೀ ಮೂಢನಂಬಿಕೆ, ತಾನು ಮಾಡಿದ್ದು ಬರೀ ಅಡುಗೆಯವನ ಚೇಷ್ಟೆ. ಬುದ್ಧಿವಂತರೆಲ್ಲ ತಪ್ಪಿಸಿಕೊಳ್ಳುವ ಕಿಂಡಿ ಇದೇ. ಬೇರೆಯವರ ಭಯ ಸುಳ್ಳು ಎಂದು ಗೊತ್ತಾದ ಕೂಡಲೇ ಅದರ ಮೇಲೆ ಕಾಲಿಡಲು ಅಪ್ಪಣೆ ಸಿಕ್ಕಿತೆಂದು ತಿಳಿಯುತ್ತಾರೆ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು.

ಮೊದಲು ಮೇಜಿನ ಮೇಲಿನ ಬಟ್ಟೆ ಹಾರಿತು. ಆಮೇಲೆ ಛಾವಣಿಯ ಹೆಂಚು. ಹತ್ತಿರಕ್ಕೆ ಹೋಗಿದ್ದ ದೋಣಿಗಳು ಒಂದೊಂದಾಗಿ ದಡ ಸೇರಿದವು. ದೂರ ಹೋದ ವೆಂಗ್ ದೋಣಿಯ ಸುಳಿವಿಲ್ಲ.

ವೆಂಗ್ ತಾಯಿ ಕೂತಲ್ಲಿಂದ ಏಳಲಿಲ್ಲ. ನೀರು ಕೂಡ ಮುಟ್ಟಲಿಲ್ಲ. ಗುರುಗಳು ಯಾನ್‌ಗೆ ಗಂಜಿ ಮಾಡಿ ಕೊಂಡುಹೋಗಲು ಹೇಳಿದರು.

ಅವನು ಅನ್ನದ ಒಲೆಯಲ್ಲಿ ಗಂಜಿ ಕಾಯಿಸಿ, ಗಾಳಿಗೆ ಎದೆಯೊಡ್ಡಿ ನಡೆದು, ಬಟ್ಟಲನ್ನು ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಅವನು ನಿಂತೇ ಇದ್ದ. ಕೊನೆಗೆ, ನಿಮ್ಮ ಮಕ್ಕಳು ನಮ್ಮ ತಾತನನ್ನು ಆಡಿಕೊಂಡು ನಕ್ಕರು, ಎಂದ. ಕ್ಷಮಿಸಿ ಎನ್ನಲು ಹೋದವನ ಬಾಯಲ್ಲಿ ಅದೇ ಬಂತು.

"ನಕ್ಕಿದ್ದು ತಪ್ಪು," ಎಂದಳು ತಾಯಿ. "ನಾನೇ ಬೈದೆ. ಕಡಲಿಂದ ಬಂದ ಮೇಲೆ ನಿನ್ನ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳು ಅಂತ ದೊಡ್ಡವನಿಗೆ ಅಂದಿದ್ದೆ."

ಯಾನ್ ಬಗ್ಗಿ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದ.

"ನಿನಗೆ ಸಿಟ್ಟಿತ್ತಲ್ಲ, ಬಟ್ಟಲು ಎತ್ತಿ ನನ್ನ ಮಗನ ತಲೆಗೆ ಹಾಕಬಹುದಿತ್ತು. ಅದು ಜಗಳ. ಅವನೂ ಹೊಡೀತಿದ್ದ, ನೀನೂ ಹೊಡೀತಿದ್ದೆ, ನಾನು ಬಿಡಿಸ್ತಿದ್ದೆ. ನೀನು ಬಡಿಸ್ತಾ ಬಡಿಸ್ತಾ ಮಾಡಿದೆ. ಬಡಿಸೋ ಕೈನ ನಾವು ನೋಡೋದಿಲ್ಲಪ್ಪ. ತಲೆ ತಗ್ಗಿಸಿ ಉಣ್ತೀವಿ."

ಅವಳು ಮತ್ತೆ ಕಡಲಿನ ಕಡೆ ತಿರುಗಿದಳು. ಗಂಜಿಯ ಮೇಲೆ ಮರಳು ಬೀಳುತ್ತಿತ್ತು.

ಯಾನ್ ಒಲೆಮನೆಗೆ ಓಡಿಬಂದ. ದೋಣಿ ಮುಳುಗುತ್ತದಾ ಎಂದು ಗುರುಗಳನ್ನು ಕೇಳಿದ. ನನಗೇನು ಗೊತ್ತು, ಗಾಳಿಯನ್ನ ಕೇಳು, ಎಂದರು ಗುರುಗಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ಅವರು ಈರುಳ್ಳಿ ಸೊಪ್ಪು ಸೋಸುತ್ತಾ ಕೂತರು.

ಮೂಢನಂಬಿಕೆ ಎಂದವನು ಈಗ ಬಾಗಿಲಲ್ಲಿ ಮಂಡಿಯೂರಿ ಕೈಮುಗಿದು ಕೂತ. ಯಾವ ದೇವರಿಗೆ ಎಂದು ಅವನಿಗೂ ಗೊತ್ತಿರಲಿಲ್ಲ. ಮೀನನ್ನು ತಿರುಗಿ ಸರಿಯಾಗಿ ಮಲಗಿಸುವಂತಿದ್ದರೆ ಮಲಗಿಸಿಬಿಡುತ್ತಿದ್ದ. ಅದನ್ನು ಬೆಕ್ಕುಗಳು ತಿಂದಾಗಿತ್ತು.

ಗಾಳಿ ಬೀಸಿತು, ಇಳಿಯಿತು, ಮತ್ತೆ ಬೀಸಿತು. ಅವನಿಗೆ ಅನ್ನ ಸೇರಲಿಲ್ಲ. ಹಾಯ್ಶೆಂಗ್‌ನ ನಗು ನೆನಪಾದರೆ ಈಗ ಸಿಟ್ಟು ಬರುತ್ತಿರಲಿಲ್ಲ. ಆ ನಗು ಇನ್ನೊಮ್ಮೆ ಕೇಳಲಿ ಎನಿಸುತ್ತಿತ್ತು.

ಎಲ್ಲರೂ ಆಸೆ ಬಿಟ್ಟ ಮೇಲೆ, ಒಂದು ಬೆಳಿಗ್ಗೆ, ಹರಿದ ಹಾಯಿಯ ದೋಣಿಯೊಂದು ನದಿಯ ಬಾಯಿಗೆ ತಿರುಗಿತು.

ಎರಡು ತಲೆಗಳು ಕಂಡವು. ವೆಂಗ್ ತಾಯಿ ಎದ್ದು ನಿಂತಳು. ಕಾಲು ಜೋಮು ಹಿಡಿದು ಮತ್ತೆ ಕೂತಳು. ಯಾನ್ ನೀರಿಗೆ ಓಡಿಹೋಗಿ, ಎದೆಮಟ್ಟದಲ್ಲಿ ನಿಂತು, ದೋಣಿಯನ್ನು ಕೈಯಿಂದ ಎಳೆದ.

ದೋಣಿಯ ತುಂಬ ಮೀನಿತ್ತು. ತಮ್ಮನ ಕೈಗೆ ಬಟ್ಟೆ ಸುತ್ತಿತ್ತು, ಬೇರೆ ಯಾವ ಪೆಟ್ಟೂ ಇಲ್ಲ.

ಹಾಯ್ಶೆಂಗ್ ಇಳಿದು ಯಾನ್‌ನ ಎದುರು ನಿಂತ. ಹೊಡೆಯುತ್ತಾನೆಂದು ಯಾನ್ ಕಣ್ಣು ಮುಚ್ಚಿದ. ಹೊಡೆಯಲಿ ಎಂದೇ ಮುಚ್ಚಿದ.

"ನಿಮ್ಮ ತಾತನ ಮೀನಿಗೆ ನಕ್ಕಿದ್ದು ತಪ್ಪಾಯ್ತು," ಎಂದ ಹಾಯ್ಶೆಂಗ್. "ಹೇಳ್ಬೇಕು ಅಂತ ಅಮ್ಮ ಹೇಳಿದ್ಲು. ಹೇಳಿದೀನಿ. ನಿನ್ನ ಕೈಯಿಂದ ಮಾತ್ರ ಇನ್ನು ಉಣ್ಣೋದಿಲ್ಲ."

ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಟುಹೋದ.

ಯಾನ್ ಒದ್ದೆ ಬಟ್ಟೆಯಲ್ಲೇ ಒಲೆಮನೆಗೆ ಬಂದ. ಅನ್ನದ ಒಲೆಯಿಂದ ಒಂದು ಕೆಂಡವನ್ನು ಇಕ್ಕಳದಲ್ಲಿ ಎತ್ತಿಕೊಂಡು ಗುರುಗಳ ಮುಂದೆ ನಿಂತ. ಅಳುತ್ತಿದ್ದ. ಅಳುವಿನ ಜೊತೆಗೇ ಆ ಹಳೆಯ ಸಿಟ್ಟೂ ಇತ್ತು.

"ದೋಣಿ ಬಂತು ಗುರುಗಳೇ. ನೀವೇ ಹೇಳಿದ ಹಾಗೆ ಮೀನಿನಿಂದ ಏನೂ ಆಗಲಿಲ್ಲ. ಇಬ್ಬರೂ ಬದುಕಿದಾರೆ. ಇನ್ನಾದರೂ ಒಲೆ ಹೊತ್ತಿಸಲಾ?"

ಗುರುಗಳು ಇಕ್ಕಳದಲ್ಲಿದ್ದ ಕೆಂಡ ಬೂದಿಯಾಗುವವರೆಗೂ ಅವನನ್ನೇ ನೋಡಿದರು.

"ಮುಳುಗಿದ್ರೆ ಗಾಳಿನ ಬೈಬಹುದಿತ್ತು, ಕಡಲನ್ನ ಬೈಬಹುದಿತ್ತು. ದೋಣಿ ಬಂದುಬಿಡ್ತು. ಈಗ ಉಳಿದಿರೋದು ಮುಳುಗಲಿ ಅಂತ ನೀನು ಬಯಸಿದ್ದೊಂದೇ. ಅದನ್ನ ಯಾರ ಮೇಲೆ ಹಾಕ್ತೀಯ?"