ಕಲಬೆರಕೆಯಿಲ್ಲದ ದವನದೆಣ್ಣೆ

"ಗುರುಗಳೇ, ನಾನು ನಿಜವನ್ನೇ ಹೇಳಿದೆ. ಆದರೂ ಅಣ್ಣ ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡ. ನಿಜಕ್ಕೆ ಬೆಲೆಯೇ ಇಲ್ಲವೇ?"

ಮರುಳಸಿದ್ದ ಹೀಗೆ ಕೇಳಿದಾಗ ಗುರುಗಳು ಮಠದ ಹಿತ್ತಲಲ್ಲಿ ಹೂವಿನ ಮಡಿಗೆ ನೀರು ಬಿಡುತ್ತಿದ್ದರು. ಕೈ ನಿಲ್ಲಿಸದೆಯೇ, "ಏನು ಹೇಳಿದೆ?" ಎಂದರು.

ಅವನು ಹೇಳಿದ. ಅಣ್ಣನ ಮಗಳು ತಾನು ಒಪ್ಪಿದವನನ್ನು ಮದುವೆಯಾಗಿದ್ದಳು. ಅಂದಿನಿಂದ ಮನೆಯಲ್ಲಿ ಅವಳ ಹೆಸರೆತ್ತಿದರೆ ಅಣ್ಣ ಊಟ ಬಿಟ್ಟು ಏಳುತ್ತಿದ್ದ. ಈಗ ಅವಳಿಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕೆಂದು ಅವಳು ಹಂಬಲಿಸುತ್ತಿದ್ದಳು. ಮರುಳಸಿದ್ದ ಅಣ್ಣನ ಜಗಲಿಗೆ ಹೋಗಿ, ನಾಲ್ಕು ಜನರ ಎದುರಿಗೇ, "ನಿನಗೆ ಮಗಳಿಗಿಂತ ಮೀಸೆ ದೊಡ್ಡದು. ಇದು ಮರ್ಯಾದೆಯಲ್ಲ, ಅಹಂಕಾರ" ಎಂದು ಕಡ್ಡಿ ಮುರಿದಂತೆ ಹೇಳಿ ಬಂದಿದ್ದ.

"ಅದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿ" ಎಂದ.

"ಸುಳ್ಳಿಲ್ಲ. ಅಪ್ಪಟ ನಿಜ. ಕೂತುಕೋ" ಎಂದರು ಗುರುಗಳು.

ಮರುಳಸಿದ್ದನಿಗೆ ಬೇಕಾಗಿದ್ದುದು ಕತೆಯಲ್ಲ, ತನ್ನ ಕಡೆಗೊಂದು ತೀರ್ಪು. ಆದರೂ ಕೂತ. ಗುರುಗಳು ಕತೆ ಹೇಳಿದರು.

ಒಬ್ಬನು ದವನದ ಎಣ್ಣೆ ಇಳಿಸುತ್ತಿದ್ದ. ಹೊಲದಲ್ಲಿ ದವನ ಬೆಳೆದು, ಸೊಪ್ಪನ್ನು ಹಂಡೆಯಲ್ಲಿ ಬೇಯಿಸಿ, ಆವಿ ತಣಿಸಿ, ನೀರಿನ ಮೇಲೆ ತೇಲುವ ಎಣ್ಣೆಯನ್ನು ಬಳಿದು ತುಂಬುತ್ತಿದ್ದ. ಗಾಡಿ ಸೊಪ್ಪು ಬೇಯಿಸಿದರೆ ಒಂದು ಕುಡಿಕೆ ಎಣ್ಣೆ. ಸಂತೆಯಲ್ಲಿ ಅವನು ಕೂಗುತ್ತಿದ್ದುದು ಒಂದೇ ಮಾತು: "ನನ್ನ ಎಣ್ಣೆಯಲ್ಲಿ ಕಲಬೆರಕೆಯಿಲ್ಲ!" ಅವನ ಮಗಳು ಆ ಮಾತು ಕೇಳಿಕೊಂಡೇ ಬೆಳೆದಳು. ಅವಳ ಪಾಲಿಗೆ ಬೆರೆಸುವುದೆಂದರೆ ಮೋಸ.

ಮಗಳ ಮದುವೆಯಾಯಿತು. ತಂದೆ ಮಡಿಲಕ್ಕಿಯ ಜೊತೆಗೆ ಒಂದು ಕುಡಿಕೆ ದವನದೆಣ್ಣೆಯನ್ನೂ ಕೊಟ್ಟು ಕಳಿಸಿದ.

ಗಂಡನ ಮನೆಯಲ್ಲಿ ಅತ್ತೆಗೆ ಮಂಡಿ ನೋವು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಆ ನರಳಾಟವನ್ನು ಸೊಸೆಗೆ ನೋಡಲಾಗಲಿಲ್ಲ. ಅವಳ ಮನಸ್ಸು ಒಳ್ಳೆಯದೇ. ಕುಡಿಕೆ ತಂದು ಅಂಗೈಗೆ ಸುರಿದುಕೊಂಡು, ಅತ್ತೆಯ ಎರಡೂ ಮಂಡಿಗೆ ಚೆನ್ನಾಗಿ ತಿಕ್ಕಿದಳು. ಸಂಜೆಯ ಹೊತ್ತಿಗೆ ಚರ್ಮ ಕೆಂಪಗಾಗಿ ಬೊಬ್ಬೆ ಎದ್ದಿತು.

"ಅಯ್ಯಯ್ಯೋ, ಉರಿ ಉರಿ!" ಎಂದು ಅತ್ತೆ ಕೂಗಿಕೊಂಡಳು. "ನಿನ್ನ ತವರಿನ ಎಣ್ಣೆ ನಿನ್ನ ತವರಿಗೇ ಇರಲಿ ತಾಯಿ. ನನ್ನ ಕಾಲು ನನಗಿರಲಿ."

ಸೊಸೆ ಛಲ ಬಿಡಲಿಲ್ಲ. ಮರುದಿನ ಗಂಡನ ಸ್ನಾನದ ನೀರಿಗೆ ಎಣ್ಣೆ ಸುರಿದಳು. ಅದು ನೀರಿನ ಮೇಲೆ ತೇಲುತ್ತಿತ್ತು. ಗಂಡ ಮೊದಲ ಚೊಂಬು ತಲೆಗೆ ಹೊಯ್ದುಕೊಂಡು, ಕಣ್ಣುರಿಗೆ ತಾಳಲಾರದೆ, ಒದ್ದೆ ಪಂಚೆಯಲ್ಲೇ ಬೀದಿಗೆ ಓಡಿದ. ಕೇರಿಯೆಲ್ಲ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. "ಈ ಮನೆಯಲ್ಲಿ ಆ ಕುಡಿಕೆ ಇರಬಾರದು. ಕುಡಿಕೆಯೇ ಬೇಕೆಂದರೆ ನೀನೂ ಅದರ ಜೊತೆಗೇ ಹೋಗು" ಎಂದಳು.

ಸೊಸೆ ಅಳುತ್ತಾ ಕುಡಿಕೆ ಎತ್ತಿಕೊಂಡು ತವರಿಗೆ ಬಂದಳು.

ತಂದೆ ಎಲ್ಲ ಕೇಳಿ, "ಏನು ಬೆರೆಸಿ ಹಚ್ಚಿದೆ ಮಗಳೇ?" ಎಂದ.

"ಏನೂ ಬೆರೆಸಲಿಲ್ಲ. ನಾನು ನಿನ್ನ ಮಗಳಪ್ಪ!"

ತಂದೆ ಹಣೆ ಚಚ್ಚಿಕೊಂಡ. "ಕಲಬೆರಕೆಯಿಲ್ಲ ಅನ್ನೋದು ಮಾರೋನ ಮಾತು ಕಣವ್ವ. ಹಚ್ಚೋರ ಮಾತು ಬೇರೆ. ನೀರಿಗೆ ಸುರಿದರೆ ಇದು ಬೆರೆಯೋದಿಲ್ಲ. ಎಣ್ಣೆ ಬೆರೆಯೋದು ಎಣ್ಣೆಗೇ. ಹೋಗಿ ನಿನ್ನ ಅತ್ತೆಯ ಹತ್ತಿರ ಒಂದು ಸೌಟು ಎಳ್ಳೆಣ್ಣೆ ಕೇಳು. ಅದಕ್ಕೆ ಇದು ಒಂದೇ ಒಂದು ಹನಿ ಸಾಕು."

"ಎಳ್ಳೆಣ್ಣೆ ಇಲ್ಲಿಂದಲೇ ಒಯ್ಯುತ್ತೇನೆ. ಅವರ ಮುಂದೆ ಕೈ ಒಡ್ಡಲಾರೆ."

"ಬೇಡ. ಆಕೆಯ ಗಡಿಗೆಯದೇ ಆಗಬೇಕು."

ಮಗಳು ಹಿಂದಿರುಗಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಒಂದು ಸೌಟು ಎಳ್ಳೆಣ್ಣೆ ಕೇಳಿದಳು. ಅತ್ತೆ ಮೂಗು ಮುರಿದಳು. ಆದರೆ ಕೇಳಿದವರಿಗೆ ಎಣ್ಣೆ ಇಲ್ಲವೆನ್ನುವುದು ಆ ಮನೆಯ ರೂಢಿಯಲ್ಲ. ಅರ್ಧ ಸೌಟು ಕೊಟ್ಟಳು. ಸೊಸೆ ಬೊಬ್ಬೆ ಆರುವವರೆಗೆ ಕಾದು, ಅದನ್ನು ಬೆಚ್ಚಗೆ ಮಾಡಿ, ದವನದೆಣ್ಣೆ ಒಂದು ಹನಿ ಬಿಟ್ಟು, ಮೆಲ್ಲಗೆ ನೀವಿದಳು. ತನ್ನದೇ ಗಡಿಗೆಯ ಎಣ್ಣೆಯೆಂದು ಅತ್ತೆ ಬೇಡವೆನ್ನಲಿಲ್ಲ, ಕೂತಲ್ಲೇ ತೂಕಡಿಸಿದಳು. ಕೆಲವು ದಿನ ಕಳೆದ ಮೇಲೆ ಗೋಡೆ ಹಿಡಿಯದೆ ಎದ್ದಳು.

ಆಮೇಲೆ ಅತ್ತೆಯೇ ಸೊಸೆಯನ್ನು ಕರೆಯತೊಡಗಿದಳು. ಸೀರೆಯ ಪೆಟ್ಟಿಗೆಗೆ ಹತ್ತಿಯುಂಡೆಯಲ್ಲಿ ಒಂದು ಹನಿ ಇಡಿಸಿದಳು, ನುಸಿ ಬೀಳಲಿಲ್ಲ. ನೆಲ ಒರೆಸುವ ನೀರಿಗೆ ಅಂಟವಾಳದ ನೊರೆಯಲ್ಲಿ ಕಲಸಿ ಒಂದು ಹನಿ ಹಾಕಿಸಿದಳು, ಮನೆಯೆಲ್ಲ ಘಮ್ಮೆಂದಿತು. ಎರಡು ದಿನಕ್ಕೆ ಖಾಲಿಯಾಗಬೇಕಿದ್ದ ಕುಡಿಕೆ ಮರುವರ್ಷದ ದವನ ಬರುವವರೆಗೂ ಉಳಿಯಿತು.

ಒಂದು ದಿನ ನೆರೆಯವರು, "ಏನಮ್ಮಾ, ಹುಡುಗಿಯ ಹಾಗೆ ಓಡಾಡುತ್ತಿದ್ದೀಯ?" ಎಂದು ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು, "ನಮ್ಮ ಮನೆಯ ಎಳ್ಳೆಣ್ಣೆ ಅಂದರೆ ಸುಮ್ಮನೆ ಅಲ್ಲ ಕಣ್ರೇ" ಎಂದಳು. ದವನದ ಮಾತೇ ಎತ್ತಲಿಲ್ಲ. ಸೊಸೆ ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ದ ತಲೆ ತಗ್ಗಿಸಿ ಕೂತಿದ್ದ. ಅಣ್ಣನ ಜಗಲಿಯಲ್ಲಿ ತಾನು ಮಾಡಿ ಬಂದದ್ದು ಅವನ ಕಣ್ಣಿಗೆ ಕಟ್ಟಿತು. ನಾಚಿಕೆಯಾಯಿತು. ಅಣ್ಣನ ಗಡಿಗೆಯಲ್ಲಿ ಯಾವ ಎಣ್ಣೆಯಿದೆ ಎಂದು ಯೋಚಿಸಿದ. ಅಣ್ಣನ ಮನೆಯ ಅಟ್ಟದ ಮೇಲಿನ ತೊಟ್ಟಿಲು ನೆನಪಾಯಿತು. ಅದು ಅಣ್ಣನ ಮಗಳು ಮಲಗಿ ಬೆಳೆದ ತೊಟ್ಟಿಲು. ಬಂಧುಗಳು ಎಷ್ಟು ಸಲ ಕೇಳಿದರೂ ಅಣ್ಣ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಮಗಳ ಮೇಲೆ ಮುನಿದ ಮೇಲೂ ಕೊಟ್ಟಿರಲಿಲ್ಲ.

"ಗುರುಗಳೇ, ನಾಳೆ ಅಣ್ಣನ ಮನೆಗೆ ಹೋಗುತ್ತೇನೆ. ಒಬ್ಬನೇ ಇರುವಾಗ ನೋಡಿ, ಹುಡುಗಿಗೆ ಆ ತೊಟ್ಟಿಲು ಕೊಡು ಎಂದು ಕೇಳುತ್ತೇನೆ. ಬೇರೇನೂ ಹೇಳುವುದಿಲ್ಲ" ಎಂದ. ಅವನ ಮುಖ ಅರಳಿತ್ತು.

ಗುರುಗಳು ತಲೆಯಾಡಿಸಿದರು.

ಎರಡು ಹೆಜ್ಜೆ ಹೋದವನು ತಿರುಗಿ ನಿಂತ. ಒಂದು ಮುಳ್ಳು ಇನ್ನೂ ಒಳಗೆ ಉಳಿದಿತ್ತು.

"ಆದರೆ ತೊಟ್ಟಿಲಿನ ನೆಪದಲ್ಲಿ ಮಗಳನ್ನು ಮನೆಗೆ ಕರೆಸಿಕೊಂಡರೆ, ಅದು ತನ್ನದೇ ದೊಡ್ಡತನವೆಂದು ಅಣ್ಣ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ಆ ಅತ್ತೆಯ ಹಾಗೆ. ನೀವೇ ಹೇಳಿ, ಕೊನೆಗೂ ನೋವು ಇಳಿಸಿದ್ದು ಯಾರ ಎಣ್ಣೆ?"

"ಯಾರ ಎಣ್ಣೆ ಎಂದು ಕೇಳುವವನಿಗೆ ಮಂಡಿ ನೋವಿರುವುದಿಲ್ಲ, ಮರುಳಸಿದ್ದ."